ಪರದೇಶದ ಮನೆಯಲ್ಲಿ ಮೊದಲ ಎಂಟು ದಿನ



ನಮ್ಮ ಅಕ್ಕಲಕೋಟೆ, ಜತ್ತ ಕಡೆಯ ಮಕ್ಕಳಿಗೆ ಎರಡು ಭಾಷೆಯ ನಡುವೆ ಬದುಕುವುದು ಹೊಸದಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಯಾವುದು ಬಂದರೆ ಅದು. ಇಂಥ ಮನೆಯ ಹುಡುಗನೋ ಹುಡುಗಿಯೋ ಒಂದು ವರ್ಷ ಜರ್ಮನಿಯ ಶಾಲೆಗೆ ಹೋದರೆ, ಅದೂ ಹಾಸ್ಟೆಲಿನಲ್ಲಲ್ಲ, ಅಲ್ಲಿಯ ಒಂದು ಸಂಸಾರದ ಮನೆಯಲ್ಲೇ ಇದ್ದರೆ, ಮೊದಲ ದಿನಗಳು ಹೇಗಿರುತ್ತವೆ ಎಂದು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಈ ಪದ್ಧತಿ ಹಳೆಯದು. ಎ.ಎಫ್.ಎಸ್. ಎಂಬ ಸಂಸ್ಥೆ ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುವ ಸ್ವಯಂಸೇವಕರ ಪಡೆಯಾಗಿ ಹುಟ್ಟಿತು. 1947ರಿಂದ ಶಾಲಾ ಮಕ್ಕಳನ್ನು ದೇಶದಿಂದ ದೇಶಕ್ಕೆ ಕಳಿಸತೊಡಗಿತು. ರೋಟರಿಯವರದೂ ಇಂಥದೇ ಒಂದು ಯೋಜನೆ ಇದೆ. ಅದರಲ್ಲಿ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರುವುದೇ ವಾಡಿಕೆ. ಒಂದು ಮಾತು ಮೊದಲೇ ತಿಳಿದಿರಲಿ: ಈ ಯೋಜನೆಗಳಲ್ಲಿ ಇಟ್ಟುಕೊಳ್ಳುವ ಮನೆಯವರು ಬಾಡಿಗೆಗೆ ಕೋಣೆ ಕೊಟ್ಟವರಲ್ಲ, ಖಾನಾವಳಿ ನಡೆಸುವವರೂ ಅಲ್ಲ. ತಮ್ಮ ಮಕ್ಕಳ ಜೊತೆ ಇನ್ನೊಂದು ಮಗು ಇರಲಿ ಎಂದು ಕರೆದುಕೊಂಡವರು. ಹಾಗಾಗಿ ನಿಮ್ಮ ಮಗು ಅಲ್ಲಿ ಅತಿಥಿಯೂ ಹೌದು, ತಟ್ಟೆ ತೊಳೆಯಬೇಕಾದ ಮನೆಯ ಕೂಸೂ ಹೌದು.

ಹೋದ ದಿನ ನಿದ್ದೆಯದೇ ದೊಡ್ಡ ಸಮಸ್ಯೆ. ಜರ್ಮನಿಯ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ತಾಸು, ಚಳಿಗಾಲದಲ್ಲಿ ನಾಲ್ಕೂವರೆ ತಾಸು ಹಿಂದೆ. ಅಲ್ಲಿ ಸಂಜೆಯ ಊಟಕ್ಕೆ ಕರೆಯುವ ಹೊತ್ತಿಗೆ ನಮ್ಮ ಹುಡುಗನ ಕಣ್ಣು ಮುಚ್ಚುತ್ತಿರುತ್ತವೆ. ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ, ಇಂಥ ಮನೆಯಲ್ಲಿ ವಾಸವಿದ್ದೇನೆ ಎಂದು ಹೆಸರು ನೋಂದಾಯಿಸಬೇಕು. ಮನೆಯವರೇ ಜೊತೆಗೆ ಬರುತ್ತಾರೆ.

ಬಚ್ಚಲಿನ ಮಾತು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಅಲ್ಲಿಯ ಬಚ್ಚಲಿನಲ್ಲಿ ಸ್ನಾನದ ಜಾಗ ಬಿಟ್ಟರೆ ನೆಲದಲ್ಲಿ ನೀರು ಹೋಗುವ ಮೋರಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಹಾಗೆ ತಂಬಿಗೆಯಿಂದ ಸುರಿದುಕೊಂಡರೆ ನೀರು ಅಲ್ಲೇ ನಿಂತು ಕೆಳಗಿನ ಮನೆಯ ಮಾಳಿಗೆಗೂ ಇಳಿದೀತು. ಸ್ನಾನವಾದ ಮೇಲೆ ನೆಲ ಒರೆಸಿ ಬರಬೇಕು. ಕೋಣೆಗಳ ಬಾಗಿಲು ಮುಚ್ಚಿರುವುದು ಅಲ್ಲಿ ಸಹಜ. ಅದು ಸಿಟ್ಟಿನ ಗುರುತಲ್ಲ. ಬಾಗಿಲು ಬಡಿದು, ಒಳಗಿನಿಂದ ಕರೆದ ಮೇಲೆ ಹೋಗಬೇಕು, ಅಷ್ಟೇ. ಇದನ್ನು ತಿಳಿಯದ ಮಗು, ಎಲ್ಲರೂ ತನ್ನ ಮುಖಕ್ಕೆ ಬಾಗಿಲು ಹಾಕಿಕೊಂಡರು ಎಂದು ಮೊದಲ ರಾತ್ರಿಯೇ ಅಳುತ್ತ ಕೂತರೆ ಆಶ್ಚರ್ಯವಿಲ್ಲ.

ಊಟದ ವಿಷಯಕ್ಕೆ ತುಸು ಹೆಚ್ಚು ಹೊತ್ತು ಬೇಕು. ನಮ್ಮಲ್ಲಿ ಬೀಗರ ಮನೆಗೆ ಹೋದಾಗ ಮೊದಲ ಸಲ ಬಡಿಸಲು ಬಂದರೆ 'ಸಾಕು' ಎನ್ನುತ್ತೇವೆ. ಎರಡನೇ ಸಲ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಮೂರನೇ ಸಲ ರೊಟ್ಟಿ ಬಿದ್ದೇ ಬೀಳುತ್ತದೆ, ಬೀಳದಿದ್ದರೆ ಮನಸ್ಸಿಗೆ ಬೇಸರ! ಜರ್ಮನಿಯಲ್ಲಿ ಒಮ್ಮೆ ಕೇಳುತ್ತಾರೆ. ಬೇಡ ಎಂದರೆ ಬೇಡವೇ. ಒತ್ತಾಯ ಮಾಡದಿರುವುದೇ ಅವರ ಮರ್ಯಾದೆ. ಇದರ ಮೇಲೆ ಮಾತಿನ ತೊಡಕು ಬೇರೆ. 'ದಾಂಕೆ' ಎಂದರೆ ಧನ್ಯವಾದ, ಇದನ್ನು ಎಲ್ಲರೂ ಕಲಿತು ಹೋಗುತ್ತಾರೆ. ಆದರೆ ಬಟ್ಟಲು ಮುಂದೆ ಹಿಡಿದು 'ಇನ್ನೂ ಬೇಕೇ' ಎಂದಾಗ ಬರೀ 'ದಾಂಕೆ' ಎಂದರೆ 'ಬೇಡ, ಧನ್ಯವಾದ' ಎಂದೇ ಅವರು ತಿಳಿಯುತ್ತಾರೆ. ಬೇಕಿದ್ದರೆ 'ಬಿಟ್ಟೆ' ಅಥವಾ 'ಯಾ, ಗೆರ್ನೆ' ಎನ್ನಬೇಕು. ವಿನಯದಿಂದ ದಾಂಕೆ ದಾಂಕೆ ಎನ್ನುತ್ತ ಹಸಿದುಕೊಂಡೇ ಮಲಗುವ ಮಗುವನ್ನು ನೆನೆಸಿಕೊಳ್ಳಿ. ಬಡಿಸಿದ ತಾಯಿಯೋ, ತನ್ನ ಅಡುಗೆ ಇದಕ್ಕೆ ಸೇರಲಿಲ್ಲವೆಂದು ಅಲ್ಲಿ ಚಿಂತೆ ಮಾಡುತ್ತಿರುತ್ತಾಳೆ.

ಬಿಸಿ ಊಟ ಅನೇಕ ಮನೆಗಳಲ್ಲಿ ದಿನಕ್ಕೆ ಒಂದೇ ಹೊತ್ತು. ಸಂಜೆ ಬ್ರೆಡ್ಡು, ಬೆಣ್ಣೆ, ಚೀಸು, ಮಾಂಸದ ತೆಳು ಹೋಳು, ಹಸಿ ತರಕಾರಿ. ಅದೂ ಪೂರ್ಣ ಊಟವೇ. ಆಮೇಲೆ ಅನ್ನ ಬರುತ್ತದೆಂದು ಕಾಯಬಾರದು. ಮಾಂಸ, ಮೊಟ್ಟೆ ತಿನ್ನದವರು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಬೇಕು, ಹೋದ ಮೇಲೆ ಬಾಯಿಂದಲೂ ಹೇಳಬೇಕು. ಮೆತ್ತನೆಯ ಬಣ್ಣದ ಮಿಠಾಯಿಗಳಲ್ಲಿ ಹಲವಕ್ಕೆ ಪ್ರಾಣಿಗಳಿಂದ ತೆಗೆದ ಜೆಲಟಿನ್ ಹಾಕಿರುತ್ತಾರೆ, ಕೇಳಿ ತಿನ್ನಬೇಕು. ಇಲ್ಲಿಂದ ಪೇಢೆ, ತುಪ್ಪದ ಡಬ್ಬಿ ಕಟ್ಟಬೇಡಿ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶದ ಪ್ರಯಾಣಿಕರು ಅಲ್ಲಿಗೆ ಒಯ್ಯುವಂತಿಲ್ಲ. ಶೇಂಗಾ ಚಟ್ನಿ ಪುಡಿ ಒಯ್ಯಲಿ, ಕಾಣಿಕೆಗೆ ಒಂದು ಸೊಲ್ಲಾಪುರದ ಚಾದರ ಇರಲಿ.

ಇನ್ನು ಕರೆಯುವ ಬಗೆ. ನಮ್ಮ ನೀನು-ನೀವು, ಮರಾಠಿಯ ತೂ-ತುಮ್ಹಿ ಇದ್ದ ಹಾಗೆ ಜರ್ಮನಿಗೂ 'ದು' ಮತ್ತು 'ಜೀ' ಇವೆ. ಇಂಗ್ಲಿಷು ಮಾತ್ರ ಬಲ್ಲವರು ಇಲ್ಲಿ ತಡವರಿಸುತ್ತಾರೆ, ನಮ್ಮ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ. ಕಷ್ಟ ಬೇರೆ ಕಡೆ ಇದೆ. ಮನೆಯ ಯಜಮಾನ, ಐವತ್ತು ವರ್ಷದವನು, 'ನನ್ನನ್ನು ಹೆಸರು ಹಿಡಿದು ಕರಿ, ದು ಅನ್ನು' ಎನ್ನುತ್ತಾನೆ. ಅಪ್ಪನ ವಯಸ್ಸಿನವರಿಗೆ ನೀನು ಎನ್ನಲು ನಾಲಿಗೆ ಏಳುವುದಿಲ್ಲ. ಆದರೂ ಎನ್ನಬೇಕು. ಮನೆಯೊಳಗೆ ಜೀ ಎಂದರೆ ದೂರ ಇಟ್ಟ ಹಾಗೆ ಆಗುತ್ತದೆ. ಶಾಲೆಯ ಗುರುಗಳಿಗೆ ಮಾತ್ರ ಜೀ. (ಫರ್ಡಿನಂಡ್ ಕಿಟ್ಟೆಲ್ ಎಂಬ ಜರ್ಮನ್ ತರುಣ 1853ರಲ್ಲಿ ಇಪ್ಪತ್ತೊಂದರ ವಯಸ್ಸಿಗೆ ಕನ್ನಡ ನಾಡಿಗೆ ಬಂದವರು. 1894ರಲ್ಲಿ ನಮ್ಮ ಭಾಷೆಗೆ ಆ ದೊಡ್ಡ ನಿಘಂಟು ಕೊಟ್ಟರು. ನಮ್ಮ ನೀನು-ನೀವುಗಳನ್ನು ಅವರೂ ಕಲಿಯಬೇಕಾಯಿತಲ್ಲ!)

ಕಸಕ್ಕೂ ಅಲ್ಲಿ ಶಾಸ್ತ್ರವಿದೆ. ಕಾಗದ, ಪ್ಯಾಕೆಟ್ಟು, ಸಿಪ್ಪೆ, ಉಳಿದದ್ದು, ಪ್ರತಿಯೊಂದಕ್ಕೂ ಬೇರೆ ಡಬ್ಬಿ. ಪಾನೀಯದ ಪ್ಲಾಸ್ಟಿಕ್ ಬಾಟಲಿ ಎಸೆಯಬಾರದು. ಒಂದೊಂದಕ್ಕೆ 25 ಸೆಂಟು ಠೇವಣಿ ಕೊಟ್ಟಿರುತ್ತೀರಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು. ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಈ ಲೆಕ್ಕ ಬಹಳ ಮೆಚ್ಚುಗೆಯಾಯಿತು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಗದ್ದಲ ಮಾಡುವಂತಿಲ್ಲ.

ಈಗ ಇಲ್ಲಿರುವ ತಂದೆ-ತಾಯಿಗೆ ಎರಡು ಮಾತು. ಕಳಿಸುವಾಗ ನಾವು ಮಕ್ಕಳಿಗೆ ಹೇಳುವುದು ಒಂದೇ: 'ಅವರಿಗೆ ತ್ರಾಸು ಕೊಡಬೇಡ, ಏನೂ ಕೇಳಬೇಡ.' ಈ ಬುದ್ಧಿಮಾತೇ ಅಲ್ಲಿ ಮುಳ್ಳಾಗುತ್ತದೆ. ಕೇಳದ ಮಗುವಿಗೆ ಏನು ಬೇಕೆಂದು ಅವರಿಗೆ ತಿಳಿಯುವ ದಾರಿಯಿಲ್ಲ. ಚಳಿಯಾದರೆ ಇನ್ನೊಂದು ಹೊದಿಕೆ ಕೇಳು, ಹಸಿವಾದರೆ ಹಸಿವು ಎನ್ನು, ಹೊರಗೆ ಹೋಗುವಾಗ ಎಲ್ಲಿಗೆ, ಎಷ್ಟು ಗಂಟೆಗೆ ವಾಪಸು ಎಂದು ಹೇಳಿ ಹೋಗು ಎಂದು ಕಳಿಸಿ. ಮೊಬೈಲ್ ಇದೆಯೆಂದು ದಿನಕ್ಕೆ ನಾಲ್ಕು ಸಲ ಮುಖ ನೋಡುವುದೂ ಬೇಡ. ಅವ್ವನ ದನಿ ಕೇಳಿದಾಗಲೆಲ್ಲ ಮಗುವಿನ ಮನಸ್ಸು ಊರಿಗೆ ಓಡುತ್ತದೆ, ಮೇಜಿಗೆ ಬಂದು ಕೂರುವುದಿಲ್ಲ. ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ.

ಆದರೆ ಮಗು ಮನೆಯವರ ನಡತೆಯ ಬಗ್ಗೆ ಅಂಜಿಕೊಂಡು ಏನಾದರೂ ಹೇಳಿದರೆ 'ಹೊಂದಿಕೊ' ಎಂದು ಬಾಯಿ ಮುಚ್ಚಿಸಬೇಡಿ. ಪ್ರತಿ ವಿದ್ಯಾರ್ಥಿಗೂ ಆ ಮನೆಯವರಲ್ಲದ ಒಬ್ಬ ಮೇಲ್ವಿಚಾರಕರನ್ನು ಸಂಸ್ಥೆಯೇ ಗೊತ್ತುಮಾಡಿರುತ್ತದೆ. ಅವರಿಗೆ ತಿಳಿಸಿದರೆ ವಿಚಾರಿಸುತ್ತಾರೆ, ಅಗತ್ಯವಿದ್ದರೆ ಮನೆ ಬದಲಿಸಿಯೂ ಕೊಡುತ್ತಾರೆ. ಅವರ ಫೋನ್ ನಂಬರು, ಮನೆಯ ವಿಳಾಸ, ತುರ್ತಿಗೆ ಅಲ್ಲಿಯೂ ನಡೆಯುವ 112, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಮಗುವಿನ ಪಾಕೀಟಿನಲ್ಲಿ ಇಡಿ, ಅದರದೇ ಪ್ರತಿ ನಿಮ್ಮ ಪಾಸ್‌ಬುಕ್ಕಿನೊಳಗೂ ಇರಲಿ. ಮೊಬೈಲಿನ ಚಾರ್ಜು ಮುಗಿದ ದಿನ ಆ ಚೀಟಿಯೇ ಕೆಲಸಕ್ಕೆ ಬರುತ್ತದೆ.