ಕ್ಷೌರದ ಕತ್ತಿಗೆ ಕೊಂಬಿನ ಹಿಡಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೊರಡುವ ಮುಂಚೆ ಹಳ್ಳಿಕಾರ್ ಎತ್ತುಗಳ ಕೊಂಬು ಹೆರೆಸಿ ಎಣ್ಣೆ ಸವರುವುದು ನಮ್ಮ ದೊಡ್ಡಬಳ್ಳಾಪುರ ಕಡೆಯ ರೂಢಿ. ಹೆರೆದಷ್ಟೂ ಮಿಂಚುವ ಕೊಂಬಿನ ಗುಣ ನಮಗೆ ಹೊಸದಲ್ಲ. ಆದರೂ ಸತ್ತ ಎಮ್ಮೆಯ ಕೊಂಬು ತಿಪ್ಪೆಗೇ ಹೋಗುತ್ತೆ. 19ನೇ ಶತಮಾನದಲ್ಲಿ ಇದೇ ಎಮ್ಮೆ ಕೊಂಬು ನಮ್ಮ ದೇಶದಿಂದ ಇಂಗ್ಲೆಂಡಿನ ಶೆಫೀಲ್ಡಿಗೆ ಹಡಗಿನಲ್ಲಿ ಹೋಗಿ ಚಾಕು, ಕತ್ತಿಗಳ ಹಿಡಿಯಾಗುತ್ತಿತ್ತು!

ಅಜ್ಜನ ಕ್ಷೌರದ ಕತ್ತಿಯ ಹಿಡಿ ಸೀಳಿದಾಗ ನಾನೇ ಒಂದು ಮಾಡಲು ಹೋದೆ. ಮೊದಲನೆಯದು ಕೆಟ್ಟಿತು. ಹಸಿ ಕೊಂಬು ಒಣಗುತ್ತಾ ಒಳಕ್ಕೆ ಬಾಗಿತು. ಮಡಚುವಾಗ ಅಲಗು ಅದಕ್ಕೆ ತಾಗಿ ಬಾಯಿ ಮುರಿಯಿತು. ಎರಡನೆಯದು ಸರಿಹೋಯ್ತು. ಆ ಕ್ರಮ ಇಲ್ಲಿದೆ.

ಯಾವ ಕೊಂಬು?

ವಯಸ್ಸಾಗಿ ಸತ್ತ ಎಮ್ಮೆಯದು ಒಳ್ಳೆಯದು. ಏಕಾಏಕಿ ಸತ್ತು, ಮೂಗು, ಗುದದಿಂದ ರಕ್ತ ಬಂದಿದ್ದರೆ ಮುಟ್ಟಲೇಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಅದರ ಬೀಜಾಣು ವರ್ಷಗಟ್ಟಲೆ ಬದುಕಿರುತ್ತೆ, ಕೊಂಬಿನ ಧೂಳಿನ ಜತೆ ಶ್ವಾಸಕೋಶಕ್ಕೂ ಇಳಿಯುತ್ತೆ. ಪಶುವೈದ್ಯರಿಗೆ ತಿಳಿಸಿ. ಜಿಂಕೆ, ಕಾಟಿಯ ಕೊಂಬು ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಹದ ಮಾಡುವುದು

ಕೊಂಬಿನ ಒಳಗೆ ಮೂಳೆಯ ದಿಂಡು ಇರುತ್ತೆ. ಕೆಲವು ವಾರ ನೀರಲ್ಲಿ ನೆನೆಹಾಕಿದರೆ ಸಡಿಲವಾಗಿ ಕಳಚಿ ಬರುತ್ತೆ. ನಂತರ ನೆರಳಲ್ಲಿ ಒಣಗಿಸಿ. ತುದಿ ಗಟ್ಟಿ, ಬುಡ ಟೊಳ್ಳು. ಟೊಳ್ಳು ಭಾಗವನ್ನು ಉದ್ದಕ್ಕೆ ಸೀಳಿ, ಕುದಿಯುವ ನೀರಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಎರಡು ಹಲಗೆ ನಡುವೆ ಬಿಗಿದು ಇಡೀ ರಾತ್ರಿ ಬಿಡಿ. ಚಪ್ಪಟೆಯಾಗುತ್ತೆ. ಮತ್ತೆ ಕೆಲವು ವಾರ ಒಣಗಲಿ. ನಾನು ತಪ್ಪಿದ್ದು ಇಲ್ಲೇ, ಅವಸರಪಟ್ಟೆ.

ಆಕಾರ

ಸುಮಾರು 6 ಇಂಚು ಉದ್ದ, 1 ಇಂಚು ಅಗಲ, 3 ಮಿಲಿಮೀಟರ್ ದಪ್ಪದ ಎರಡು ಪಟ್ಟಿ ಬೇಕು. ಆಕ್ಸಾ ಬ್ಲೇಡಿನಲ್ಲಿ ಕತ್ತರಿಸಿ. ಎರಡರ ನಡುವೆ ನ್ಯೂಸ್ ಪೇಪರ್ ಇಟ್ಟು ಅಂಟಿಸಿ; ಆಮೇಲೆ ಚಾಕು ತೂರಿಸಿದರೆ ಸುಲಭವಾಗಿ ಬಿಡುತ್ತೆ. ಹಳೆ ಹಿಡಿ ಮೇಲಿಟ್ಟು ಗೆರೆ ಎಳೆಯಿರಿ. ಜೋಡಿಯಾಗಿದ್ದಾಗಲೇ ಕೈಬೈರಿಗೆಯಿಂದ ಒಂದೂವರೆ ಮಿಲಿಮೀಟರಿನ ತೂತು ಹಾಕಿ: ಅಲಗಿನ ಕಡೆ ಒಂದು, ಬಾಲದ ಕಡೆ ಒಂದು. ಮೊದಲು ಒರಟು ಅರ, ನಂತರ ನಯದ ಅರ. ಗೆರೆ ಮೀರಬೇಡಿ. ಒಡೆದ ಗಾಜಿನ ಅಂಚಿನಿಂದ ಹೆರೆದರೆ ಅರದ ಗುರುತು ಹೋಗುತ್ತೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಮೂಗಿಗೆ ಬಟ್ಟೆ ಕಟ್ಟಲೇಬೇಕು. ಕೂದಲು ಸುಟ್ಟ ವಾಸನೆ ಬಂದರೆ ಕೊಂಬು ಕಾದಿದೆ ಅಂತ, ಸ್ವಲ್ಪ ತಡೆಯಿರಿ.

ಜೋಡಿಸುವುದು

ಬಾಲದ ಕಡೆ ಎರಡು ಪಟ್ಟಿ ನಡುವೆ ಕೊಂಬಿನದೇ ಸಣ್ಣ ಬೆಣೆ ಇರಬೇಕು: ಹಿಂದೆ 2-3 ಮಿಲಿಮೀಟರ್ ದಪ್ಪ, ಮುಂದಕ್ಕೆ ಬರುತ್ತಾ ತೆಳು. ಅದೇ ಎರಡೂ ಪಟ್ಟಿಯನ್ನು ಅಲಗಿನಿಂದ ದೂರ ಇಡುವುದು. ಅಲಗಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ. ಹಿತ್ತಾಳೆ ತಂತಿ ಬಡಿಯುವ ಮೊದಲು ಸಣ್ಣ ನಟ್ಟು ಬೋಲ್ಟಿನಲ್ಲಿ ಕಟ್ಟಿ, ಟ್ಯೂಬು ತೆಗೆದು ಮೆಲ್ಲಗೆ ಮಡಚಿ ನೋಡಿ. ಅಲಗು ನಡುವೆ ಇಳಿಯಬೇಕು, ಪಕ್ಕಕ್ಕೆ ತಾಗಬಾರದು. ತಾಗಿದರೆ ಬೆಣೆ ತಿದ್ದಿ.

ಸರಿಯಾದರೆ ಬಿಚ್ಚಿ, ಎಮರಿ ಪೇಪರಿನಲ್ಲಿ 220, 400, 600, 1000 ಅನುಕ್ರಮವಾಗಿ ಉಜ್ಜಿ. ಕೊನೆಗೆ ಜರಡಿ ಹಿಡಿದ ಬೂದಿ, ಎಣ್ಣೆ ಬಟ್ಟೆ. ನಂತರ ಹಿತ್ತಾಳೆ ತಂತಿ ತೂರಿಸಿ, ಎರಡೂ ಬದಿ ತೆಳು ವಾಷರ್ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಲಘುವಾಗಿ ತಟ್ಟಿ ತಲೆ ಮಾಡಿ. ಜೋರಾಗಿ ಹೊಡೆದರೆ ಕೊಂಬು ಸೀಳುತ್ತೆ.

ಕಾಪಾಡುವುದು

ನೀರಲ್ಲಿ ನೆನೆಯಬಾರದು. ಉಣ್ಣೆ ಬಟ್ಟೆ ತಿನ್ನುವ ಹುಳ ಕೊಂಬನ್ನೂ ತಿನ್ನುತ್ತೆ. ಆಗಾಗ ಒರೆಸಿ ಹರಳೆಣ್ಣೆ ಹಚ್ಚಿ. ಈ ಕತ್ತಿ ಒಬ್ಬರಿಗಷ್ಟೇ. ಇನ್ನೊಬ್ಬರ ಗಡ್ಡಕ್ಕೆ ಬಳಸಿದರೆ ಹೆಪಟೈಟಿಸ್-ಬಿ, ಎಚ್ಐವಿ ಹರಡಬಹುದು. ಚಕ್ಕೋತ, ಮಾವಿನ ಕಸಿಗೆ ಮಡಚುವ ಚಾಕು ಬಳಸುವವರು ಅದರ ಹಿಡಿಯನ್ನೂ ಹೀಗೇ ಮಾಡಿಕೊಳ್ಳಬಹುದು.

ಅಜ್ಜನ ಅಲಗಿನ ಮುರಿದ ಬಾಯಿಯನ್ನು ಸಾಣೆಕಲ್ಲಿನಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ ಹಿಂದಕ್ಕೆ ತಂದೆ. ಅಲಗು ಒಂದು ಕೂದಲೆಳೆ ಕಿರಿದಾಗಿದೆ. ಕೆಲಸ ಮಾಡುತ್ತಿದೆ.