ಚೀನೀ ಸಂಸ್ಕೃತಿಯಲ್ಲಿ ಗುರುವಿನ ಸ್ಥಾನ

ಚಿಂಗ್ ರಾಜವಂಶದ ಕಾಲದ ಚೀನದಲ್ಲಿ ಅನೇಕ ಗೃಹಗಳ ಪೂಜಾಸ್ಥಾನದಲ್ಲಿ ಐದು ಅಕ್ಷರಗಳ ಫಲಕವೊಂದನ್ನಿರಿಸುವ ರೂಢಿಯಿದ್ದಿತು. ಆಕಾಶ, ಭೂಮಿ, ಅರಸು, ತಂದೆತಾಯಿ, ಗುರು ಎಂಬಿವೇ ಆ ಐದು. ಗುರುವನ್ನು ಇಂತಹ ಸಾಲಿನಲ್ಲಿ ನಿಲ್ಲಿಸಿದ ಭಾವನೆಯ ಬೇರು ಕ್ರಿ. ಪೂ. 3ನೆಯ ಶತಮಾನದ ಷುನ್‌ತ್ಸುವಿನ ಗ್ರಂಥದಲ್ಲಿಯೇ ಕಾಣದೊರೆಯುತ್ತದೆ.

ಗುರುಪರಂಪರೆಯ ಆದರ್ಶಪುರುಷನೆಂದರೆ ಕನ್‌ಫ್ಯೂಷಿಯಸ್ (ಕ್ರಿ. ಪೂ. 551–479). ವಿದ್ಯೆಯು ಬಹುಮಟ್ಟಿಗೆ ಕುಲೀನರ ಸೊತ್ತಾಗಿದ್ದ ಕಾಲದಲ್ಲಿ, ಒಣಮಾಂಸದ ಒಂದು ಕಟ್ಟನ್ನು ಮಾತ್ರ ಕಾಣಿಕೆಯಾಗಿ ತಂದವನಿಗೂ ಆತನು ಪಾಠ ಹೇಳಲು ಹಿಂಜರಿಯಲಿಲ್ಲ. ಆತನು ಕಾಲವಾದಾಗ ಶಿಷ್ಯರು ತಂದೆಯನ್ನು ಕಳೆದುಕೊಂಡವರಂತೆ ಮೂರು ವರ್ಷ ಶೋಕವನ್ನಾಚರಿಸಿದರೆಂದೂ, ತ್ಸು ಕುಂಗ್ ಎಂಬವನು ಸಮಾಧಿಯ ಬಳಿ ಗುಡಿಸಲು ಕಟ್ಟಿಕೊಂಡು ಮತ್ತೆ ಮೂರು ವರ್ಷ ಅಲ್ಲಿಯೇ ಉಳಿದನೆಂದೂ ಇತಿಹಾಸಕಾರನಾದ ಸಿಮಾ ಚಿಯೆನ್ ಬರೆದಿದ್ದಾನೆ.

ಹೀಗೆ ಗುರುವು ತಂದೆಗೆ ಸಮಾನನಾದನು. ಆದರೆ ಆತನ ಹಿರಿಮೆಯ ಆಧಾರವು ಯಾವುದು? ಅಧಿಕಾರವೋ, ಜ್ಞಾನವೋ? ತಾಂಗ್ ಯುಗದ ಹಾನ್ ಯೂ (768–824) ಗುರುವನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವನ್ನಿತ್ತನು. ಧರ್ಮಮಾರ್ಗವನ್ನು ತಲಪಿಸುವುದು, ವಿದ್ಯೆಯನ್ನು ಕಲಿಸುವುದು, ಸಂಶಯವನ್ನು ಬಿಡಿಸುವುದು ಇವು ಮೂರೇ ಗುರುವಿನ ಕಾರ್ಯ. ಜ್ಞಾನವಿದ್ದೆಡೆ ಗುರುವಿದ್ದಾನೆ, ವಯಸ್ಸು, ಪದವಿಗಳು ಗಣನೆಗೆ ಬಾರವು. ಶಿಷ್ಯನು ಗುರುವಿಗಿಂತ ಕೀಳಾಗಿಯೇ ಇರಬೇಕೆಂಬ ನಿಯಮವೂ ಇಲ್ಲ. ವೈದ್ಯರೂ ಸಂಗೀತಗಾರರೂ ಕುಶಲಕರ್ಮಿಗಳೂ ಒಬ್ಬರಿಂದೊಬ್ಬರು ಕಲಿಯಲು ನಾಚದಿರುವಾಗ, ಪಂಡಿತರೆನಿಸಿಕೊಂಡವರು ನಾಚುವರಲ್ಲಾ ಎಂಬುದೇ ಆತನ ವ್ಯಥೆ.

ಅಧಿಕಾರವನ್ನೂ ಜ್ಞಾನವನ್ನೂ ಬೇರ್ಪಡಿಸಿದ ಈ ವಿವೇಚನೆಯು ಎಷ್ಟು ಅಗತ್ಯವಾದುದೆಂಬುದನ್ನು 1966ರ ಸಾಂಸ್ಕೃತಿಕ ಕ್ರಾಂತಿಯು ತೋರಿಸಿಕೊಟ್ಟಿತು. ಉಪಾಧ್ಯಾಯರು ಹಳೆಯ ಅಧಿಕಾರದ ಪ್ರತಿನಿಧಿಗಳೆನಿಸಿ ಅಪಮಾನಕ್ಕೊಳಗಾದರು. ಆ ವರ್ಷದ ಆಗಸ್ಟಿನಲ್ಲಿ ಬೀಜಿಂಗಿನ ಬಾಲಿಕಾ ಶಾಲೆಯೊಂದರ ಉಪಪ್ರಾಚಾರ್ಯೆಯು ವಿದ್ಯಾರ್ಥಿನಿಯರ ಹೊಡೆತಕ್ಕೆ ಸಿಕ್ಕಿ ಪ್ರಾಣವನ್ನೇ ನೀಗಿದಳು. ಅರಸನ ಸಾಲಿನಲ್ಲಿ ನಿಂತ ಗುರುವು ಅರಸೊತ್ತಿಗೆಯ ಮೇಲಣ ಕೋಪಕ್ಕೂ ಗುರಿಯಾದನು. ಹಾನ್ ಯೂ ವರ್ಣಿಸಿದ ಸಂಶಯನಿವಾರಕನನ್ನು ಆ ಕೋಪವು ಗುರುತಿಸಲೇ ಇಲ್ಲ.

ಆಗ ನಿಂತುಹೋದ ವಿಶ್ವವಿದ್ಯಾಲಯ ಪ್ರವೇಶಪರೀಕ್ಷೆಯು 1977ರಲ್ಲಿ ಮರಳಿ ಆರಂಭವಾಯಿತು. 1985ರಿಂದ ಸೆಪ್ಟೆಂಬರ್ 10ನೆಯ ದಿನವನ್ನು ಅಲ್ಲಿ ಶಿಕ್ಷಕರ ದಿನವಾಗಿ ಆಚರಿಸಲಾಗುತ್ತಿದೆ. ಗೌರವವನ್ನು ಆಜ್ಞೆಯಿಂದ ಮರಳಿ ಸ್ಥಾಪಿಸಬಹುದು. ಕಲಿಯಲು ನಾಚದಿರುವ ಮನಸ್ಸನ್ನು ಮಾತ್ರ ಪ್ರತಿಯೊಂದು ತಲೆಮಾರೂ ತಾನೇ ಬೆಳೆಸಿಕೊಳ್ಳಬೇಕಾಗುತ್ತದೆ.