ಮಳೆಗೆ ಓಡುವ ಜನ ಸಿಡಿಲಿಗೆ ಓಡುವುದಿಲ್ಲ

ಮೈಸೂರಿನ ಬೇಸಿಗೆ ಮಳೆಗೆ ಒಂದು ಟೈಂಟೇಬಲ್ ಇದೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಹುಟ್ಟಿತೆಂದರೆ ಆಯಿತು. ಮಧ್ಯಾಹ್ನದವರೆಗೆ ನೆತ್ತಿ ಸುಡುವ ಬಿಸಿಲು, ಮೂರರ ಮೇಲೆ ಧಗೆ, ನಾಲ್ಕೂವರೆ ಐದರ ಹೊತ್ತಿಗೆ ಚಾಮುಂಡಿಬೆಟ್ಟದ ತಲೆ ಕಪ್ಪಗಾಗುತ್ತದೆ. ಆಫೀಸು ಬಿಡುವುದೂ ಅದೇ ವೇಳೆ, ಅಂಗಡಿ ವ್ಯಾಪಾರ ಕುದುರುವುದೂ ಅದೇ ವೇಳೆ, ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಜನ ಕಿಕ್ಕಿರಿಯುವುದೂ ಅದೇ ವೇಳೆ. ಧೂಳೆಬ್ಬಿಸಿಕೊಂಡು ಗಾಳಿ ಬರುತ್ತದೆ. ಹಿಂದೆಯೇ ಗುಡುಗು. ಅಷ್ಟಾದರೂ ಯಾರೂ ಕದಲುವುದಿಲ್ಲ, ಮಾತು ನಿಲ್ಲುವುದಿಲ್ಲ. ನಾಲ್ಕು ಹನಿ ಮೈಮೇಲೆ ಬಿತ್ತೋ, ಆಗ ನೋಡಬೇಕು ಓಟ!

ಮಳೆಯಲ್ಲಿ ನೆಂದರೆ ಹೆಚ್ಚೆಂದರೆ ನೆಗಡಿ. ಪ್ರಾಣ ತೆಗೆಯುವುದು ಸಿಡಿಲು. ಅದಕ್ಕೆ ಮಾತ್ರ ಓಡುವವರು ಕಡಿಮೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದ ಪ್ರಕಾರ 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ ಸಿಡಿಲು ಬಡಿದು ಸತ್ತವರು 2,887 ಮಂದಿ. ಪ್ರವಾಹ, ಬಿಸಿಲು, ಚಳಿ, ಭೂಕುಸಿತ ಎಲ್ಲ ಸೇರಿ ಆ ವರ್ಷ ಪ್ರಕೃತಿ ವಿಕೋಪಕ್ಕೆ ಬಲಿಯಾದವರು 8,060. ಅಂದರೆ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಸಿಡಿಲಿನದೇ. ಹೊಲದಲ್ಲಿ ಕೆಲಸ ಮಾಡುವವರು, ದನ ಕುರಿ ಮೇಯಿಸುವವರೇ ಇದರಲ್ಲಿ ಜಾಸ್ತಿ. ನಮ್ಮ ಜಿಲ್ಲೆಯ ಹಳ್ಳಿಗಳಿಂದಲೂ ಭರಣಿ, ಕೃತ್ತಿಕೆ ಹೊತ್ತಿಗೆ ಅಂಥ ಸುದ್ದಿ ಬರುತ್ತಲೇ ಇರುತ್ತದೆ. ಅದರಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಸಿಗುತ್ತದೆ: ಮಳೆ ಬಂತೆಂದು ಮರದಡಿ ನಿಂತಿದ್ದರು.

ಅದು ಹಳ್ಳಿ ಮಾತು, ನಮಗೇನ್ ಸ್ವಾಮಿ, ಪೇಟೆಯವರು ಎನ್ನುವವರಿದ್ದಾರೆ. ಪೇಟೆಯಲ್ಲಿ ಮರ ಇಲ್ಲವೇ? ಮೈಸೂರಿನಲ್ಲಿ ನೆರಳಿಲ್ಲದ ರಸ್ತೆ ಹುಡುಕುವುದೇ ಕಷ್ಟ. ಹನಿ ಬಿದ್ದೊಡನೆ ಸ್ಕೂಟರಿನವರು ಗಾಡಿ ನಿಲ್ಲಿಸುವುದು ಮರದ ಬುಡದಲ್ಲಿ, ಸೊಪ್ಪಿನವಳು ಬುಟ್ಟಿ ಇಳಿಸುವುದು ಮರದ ಬುಡದಲ್ಲಿ, ಸ್ಕೂಲ್ ಮಕ್ಕಳು ಬ್ಯಾಗು ತಲೆಗೆ ಹಿಡಿದು ಗುಂಪು ಕಟ್ಟುವುದೂ ಅಲ್ಲೇ. ಸಿಡಿಲು ಎತ್ತರದ ವಸ್ತುವನ್ನು ಹುಡುಕುತ್ತದೆ, ಮರಕ್ಕೆ ಹೊಡೆಯುತ್ತದೆ. ಹೊಡೆದ ಮೇಲೆ ಕಾಂಡದಲ್ಲೇ ಇಳಿದು ಹೋಗಬೇಕೆಂದು ಅದಕ್ಕೇನೂ ಕರಾರಿಲ್ಲ. ಒಣ ಮರಕ್ಕಿಂತ ನೀರು ಉಪ್ಪು ತುಂಬಿದ ಮನುಷ್ಯನ ಮೈ ಅದಕ್ಕೆ ಸಲೀಸು ದಾರಿ. ಪಕ್ಕದಲ್ಲಿ ನಿಂತವನ ಮೇಲೆ ಹಾರುತ್ತದೆ. ಉಳಿದದ್ದು ಬೇರಿನ ಸುತ್ತ ನೆಲದಲ್ಲಿ ಹರಡುತ್ತದೆ. ಎರಡು ಕಾಲು ಅಗಲಿಸಿ ನಿಂತಿದ್ದರೆ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಒಂದೇ ಏಟಿಗೆ ಮರದಡಿಯ ಹತ್ತಾರು ಕುರಿ, ದನ ಉರುಳುವುದು ಇದರಿಂದಲೇ. ಅವುಗಳ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು.

ಸಿಡಿಲು ಈ ಊರಿಗೆ ಹೊಸ ಅತಿಥಿಯೂ ಅಲ್ಲ. 1897ರಲ್ಲಿ ರಾಜಕುಮಾರಿಯ ಮದುವೆ ವೇಳೆ ಮರದ ಅರಮನೆ ಸುಟ್ಟುಹೋದದ್ದು ಮೈಸೂರಿನ ಮಕ್ಕಳಿಗೂ ಗೊತ್ತು. ಅದಕ್ಕೂ ಹಿಂದೆ, 1638ರಲ್ಲಿ, ಆಗಿದ್ದ ಅರಮನೆಗೆ ಸಿಡಿಲು ಬಡಿದು ಹಾಳಾಯಿತೆಂದೂ ಕಂಠೀರವ ನರಸರಾಜ ಒಡೆಯರು ಅದನ್ನು ಮತ್ತೆ ಕಟ್ಟಿಸಿದರೆಂದೂ ಅರಮನೆಯ ಚರಿತ್ರೆ ಹೇಳುತ್ತದೆ. ಬೆಂಕಿಯ ಕತೆ ಉಳಿಯಿತು, ಸಿಡಿಲಿನ ಕತೆ ಮರೆತುಹೋಯಿತು.

ಎತ್ತರದ ಮಾತು ಬಂದಾಗ ಬೆಟ್ಟದ ವಿಚಾರ ಹೇಳಲೇಬೇಕು. ಚಾಮುಂಡಿಬೆಟ್ಟ ಊರಿಗಿಂತ ಸುಮಾರು ಸಾವಿರ ಅಡಿ ಮೇಲಿದೆ. ಮೋಡ ಕವಿದಾಗ ಅಲ್ಲಿಂದ ಊರು ಚೆಂದ ಕಾಣುತ್ತದೆ ಎಂದು ಹುಡುಗರು ಫೋನು ಎತ್ತಿ ಹಿಡಿದು ನಿಲ್ಲುತ್ತಾರೆ. ರಾಜಸ್ಥಾನದ ಜೈಪುರದಲ್ಲಿ 2021ರ ಜುಲೈ 11ರಂದು ಆಗಿದ್ದು ಇದೇ. ಅಂಬರ್ ಕೋಟೆ ಬಳಿಯ ಕಾವಲು ಗೋಪುರದ ಮೇಲೆ ಮಳೆ ನೋಡುತ್ತ, ಸೆಲ್ಫಿ ತೆಗೆಯುತ್ತ ಇದ್ದವರ ಮೇಲೆ ಸಿಡಿಲೆರಗಿ 11 ಮಂದಿ ಸತ್ತರು. ಫೋನು ಸಿಡಿಲನ್ನು ಎಳೆಯಿತು ಎಂದು ಆಡಿಕೊಂಡವರೂ ಉಂಟು. ಅದು ಸುಳ್ಳು. ಎಳೆದದ್ದು ಎತ್ತರ. ಸಾವಿರ ಮೆಟ್ಟಿಲಿನ ಅರ್ಧದಲ್ಲಿರುವಾಗ ಗುಡುಗು ಕೇಳಿದರೆ ಹರಕೆ ತಾಯಿಗೆ ನಾಳೆ ಸಲ್ಲಿಸಿದರೂ ಸಲ್ಲುತ್ತದೆ; ಇಳಿಯುವುದು ಲೇಸು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವವರಿಗೂ, ಮಹಾರಾಜ ಕಾಲೇಜು ಮೈದಾನದಲ್ಲಿ ಬ್ಯಾಟು ಹಿಡಿದವರಿಗೂ ಇದೇ ಮಾತು. ಬಯಲಿನಲ್ಲಿ ಎತ್ತರದ ವಸ್ತು ಎಂದರೆ ನಾವೇ.

ಯಾವಾಗ ಎದ್ದು ಹೊರಡಬೇಕು? ನಮ್ಮ ಅಜ್ಜಿಯರು ಗುಡುಗಿದರೆ ಅರ್ಜುನ, ಫಲ್ಗುಣ ಎಂದು ಶುರು ಮಾಡುತ್ತಿದ್ದರು. ಧೈರ್ಯಕ್ಕೆ ಹೇಳುತ್ತಿದ್ದದ್ದು ಈಗ ಲೆಕ್ಕಕ್ಕೂ ಬರುತ್ತದೆ. ಬೆಳಕು ತಕ್ಷಣ ಕಣ್ಣಿಗೆ ಬೀಳುತ್ತದೆ, ಸದ್ದಿಗೆ ಒಂದು ಕಿಲೋಮೀಟರು ಬರಲು ಸುಮಾರು 3 ಸೆಕೆಂಡು ಬೇಕು. ಮಿಂಚಿದ ಕೂಡಲೇ, ಸೆಕೆಂಡಿಗೊಂದರಂತೆ ಅರ್ಜುನನ ಹತ್ತು ಹೆಸರು ಹೇಳುತ್ತ ಹೋಗಿ. ಒಂದು ಸುತ್ತು ಮುಗಿಯುವುದರಲ್ಲಿ ಗುಡುಗಿದರೆ ಸಿಡಿಲು ಮೂರು ಕಿಲೋಮೀಟರಿನ ಆಸುಪಾಸು ಬಂದಿದೆ. ಮೂರು ಸುತ್ತು, ಅಂದರೆ 30 ಸೆಕೆಂಡಿನೊಳಗೆ ಕೇಳಿದರೆ 10 ಕಿಲೋಮೀಟರಿನೊಳಗೆ. ಮುಂದಿನ ಸಿಡಿಲು ನೀವು ನಿಂತಲ್ಲಿಗೇ ಬರಬಹುದಾದ ದೂರ ಅದು. ಮಳೆ ಬರಲಿ ಬಿಡಲಿ, ಆಗ ಬಯಲು ಬಿಡಬೇಕು. ಲೆಕ್ಕ ತಪ್ಪಿತೋ, ಗುಡುಗು ಕೇಳಿಸಿತೆಂದರೇ ಸಾಕು, ಒಳಗೆ ನಡೆಯಿರಿ. ಫೋನಿನಲ್ಲಿ ನೋಡುವವರಿಗೆ ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯವರ ‘ದಾಮಿನಿ’ ಎಂಬ ಆ್ಯಪ್ ಇದೆ, ಸುತ್ತಮುತ್ತ ಸಿಡಿಲು ಬೀಳುತ್ತಿರುವುದನ್ನು ತೋರಿಸುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಡಬಾರದು. ಮಳೆ ನಿಂತಿತು ಎಂದು ಹೊರಬಿದ್ದವರು ಏಟು ತಿನ್ನುವುದೂ ಉಂಟು.

ಒಳಗೆ ಎಂದರೆ ಎಲ್ಲಿ? ನಾಲ್ಕು ಗೋಡೆ, ಗಟ್ಟಿ ಸೂರು ಇರುವ ಕಟ್ಟಡ. ರಸ್ತೆ ಬದಿಯ ಬಸ್ ಶೆಲ್ಟರು ಮೂರು ಕಡೆ ತೆರೆದಿರುತ್ತದೆ. ಅದು ಮಳೆಗೆ ಸರಿ, ಸಿಡಿಲಿಗಲ್ಲ. ಆಟೋರಿಕ್ಷಾಗೆ ಬಟ್ಟೆ ಟಾಪು, ಅದೂ ಲೆಕ್ಕಕ್ಕಿಲ್ಲ. ಸ್ಕೂಟರು, ಬೈಕು, ಸೈಕಲ್ಲಂತೂ ಬೇಡವೇ ಬೇಡ. ಆದರೆ ನಮ್ಮ ಸಿಟಿ ಬಸ್ಸು, ಸೋರಿದರೂ ಸರಿಯೇ, ಸಿಡಿಲಿಗೆ ಒಳ್ಳೆಯ ಕೋಟೆ. ಟೈರು ರಬ್ಬರಿನದೆಂದು ಬಹಳ ಜನ ತಿಳಿದಿದ್ದಾರೆ, ಕಾರಣ ಅದಲ್ಲ. ಅಷ್ಟು ದೂರ ಗಾಳಿಯನ್ನೇ ಸೀಳಿ ಬಂದದ್ದು ಒಂದಡಿ ರಬ್ಬರಿಗೆ ನಿಲ್ಲುತ್ತದೆಯೇ? (ಹವಾಯಿ ಚಪ್ಪಲಿ ನಂಬಿದವರೂ ಇದನ್ನು ಕೇಳಿಸಿಕೊಳ್ಳಬೇಕು.) ಬಸ್ಸಿನ ಲೋಹದ ಮೈ ಸಿಡಿಲನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಕಿಟಕಿ ಏರಿಸಿ, ಕಂಬಿ ಬಿಟ್ಟು ಕೂತರೆ ಆಯಿತು. ಗುಡುಗುವಾಗ ಸ್ಟಾಪ್ ಬಂತೆಂದು ಬಯಲಿಗೆ ಇಳಿಯುವುದಕ್ಕಿಂತ ಕಟ್ಟಡ ಇರುವ ಮುಂದಿನ ಸ್ಟಾಪಿನಲ್ಲಿ ಇಳಿಯುವುದು ವಾಸಿ.

ಇನ್ನು ಅಂಗಡಿಯವರ ವಿಷಯ. ಗಾಳಿ ಎದ್ದೊಡನೆ ಸರಕು ನೆನೆಯುತ್ತದೆಂದು ಅರ್ಧ ಶಟರ್ ಎಳೆಯುವುದು ರೂಢಿ. ತಪ್ಪೇನಿಲ್ಲ, ಬಂಡವಾಳ ಹಾಕಿದವರ ಕಷ್ಟ ಅವರಿಗೇ ಗೊತ್ತು. ಆದರೆ ಜಗುಲಿ ಮೇಲೆ ನಿಂತ ಹತ್ತು ಜನ ಆ ಕಬ್ಬಿಣದ ಶಟರಿಗೇ ಒರಗಿಕೊಂಡು ಅರ್ಧ ಮೈ ಹೊರಗೆ ಹಾಕಿ ನಿಂತಿರುತ್ತಾರೆ. ‘ವ್ಯಾಪಾರಕ್ಕೆ ಅಡ್ಡ ನಿಲ್ಲಬೇಡಿ’ ಎಂಬ ಮಾತು ಆ ಹೊತ್ತಿನಲ್ಲಿ ಅವರನ್ನು ಎದುರಿನ ಮರದ ಕೆಳಗೆ ಅಟ್ಟುತ್ತದೆ. ‘ಒಳಗೆ ಬನ್ನಿ ಸ್ವಾಮಿ, ಶಟರ್ ಮುಟ್ಟಬೇಡಿ’ ಎಂದರೆ ಖರ್ಚೇನೂ ಇಲ್ಲ. ಬಂದವರಲ್ಲಿ ನಾಲ್ವರು ಏನಾದರೂ ಕೊಂಡೇ ಹೋಗುತ್ತಾರೆ. ಒಳಗಿದ್ದಾಗ ನಲ್ಲಿ, ವೈರಿನ ಟೆಲಿಫೋನು, ಪ್ಲಗ್ಗಿಗೆ ಸಿಕ್ಕಿಸಿದ ಯಂತ್ರ ಮುಟ್ಟದಿರುವುದು ಮೇಲು. ಮನೆಯಲ್ಲೂ ಅಷ್ಟೇ, ಸ್ನಾನ, ಪಾತ್ರೆ ತೊಳೆಯುವುದು ಆಮೇಲೆ ಆಗಲಿ.

ಯಾವ ಆಸರೆಯೂ ಇಲ್ಲದ ಕಡೆ ಸಿಕ್ಕಿಬಿದ್ದರೆ? ಒಂಟಿ ಮರ, ಕಂಬ, ತಂತಿ ಬೇಲಿ, ನೀರು ಇವುಗಳಿಂದ ದೂರ ಸರಿದು ತಗ್ಗಿನ ಕಡೆ ನಡೆಯಬೇಕು. ಗುಂಪಾಗಿದ್ದರೆ ಚದುರಬೇಕು. ಕೂದಲು ನಿಮಿರಿ ಮೈ ಜುಮ್ಮೆಂದರೆ ಎರಡೂ ಪಾದ ಜೋಡಿಸಿ ಕುಕ್ಕರುಗಾಲಿನಲ್ಲಿ ಕೂತು ತಲೆ ತಗ್ಗಿಸಿ, ಕಿವಿ ಮುಚ್ಚಿಕೊಳ್ಳುವುದು. ಮಲಗಬಾರದು. ಇದು ಕಾಪಾಡುತ್ತದೆಂಬ ಖಾತರಿ ಇಲ್ಲ, ಬೇರೇನೂ ದಾರಿ ಇಲ್ಲದಾಗ ಮಾಡುವುದು.

ಕೊನೆಗೆ ಏಟು ತಿಂದವನ ಪಾಡು. ಮುಟ್ಟಿದರೆ ನಮಗೂ ಶಾಕ್ ಹೊಡೆಯುತ್ತದೆಂದು ಜನ ಸುತ್ತ ನಿಂತು ನೋಡುತ್ತಾರೆ. ಛತ್ತೀಸಗಢದ ಕಡೆ ಸಗಣಿಯಲ್ಲಿ ಕುತ್ತಿಗೆವರೆಗೆ ಹೂತ ಸುದ್ದಿಗಳೂ ಬಂದಿವೆ. ಸಿಡಿಲು ಬಡಿದವನ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಧಾರಾಳವಾಗಿ ಮುಟ್ಟಬಹುದು. ಕಡಿದುಬಿದ್ದ ವಿದ್ಯುತ್ ತಂತಿ ಅವನ ಮೇಲಿದ್ದರೆ ಮಾತ್ರ ಬೇರೆ ಮಾತು, ಹತ್ತಿರ ಹೋಗಬಾರದು. ಸಿಡಿಲಿನ ಏಟಿಗೆ ಹೃದಯ, ಉಸಿರು ಥಟ್ಟನೆ ನಿಲ್ಲುತ್ತವೆ. ಸತ್ತಂತೆ ಕಂಡವರು ಎಷ್ಟೋ ಸಲ ಬದುಕಿ ಬರುತ್ತಾರೆ. ಒಬ್ಬರು 108ಕ್ಕೆ ಫೋನು ಮಾಡಬೇಕು, ಇನ್ನೊಬ್ಬರು ಆತನನ್ನು ಸೂರಿನೊಳಗೆ ಎಳೆದು ಅಂಗಾತ ಮಲಗಿಸಬೇಕು. ಉಸಿರಾಡುತ್ತಿಲ್ಲವಾದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಎರಡಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದಂತೆ ಒತ್ತುತ್ತಲೇ ಇರಬೇಕು. ಕೈಸೋತರೆ ಪಕ್ಕದವರು ಕೂರಲಿ, ಆಂಬುಲೆನ್ಸ್ ಬರುವವರೆಗೆ ಒತ್ತುವುದು ನಿಲ್ಲಬಾರದು.